ಕೈಗಾದ ಗುಮ್ಮಟ, ಐನೂರು ರೂಪಾಯಿ ದಂಡ

ಬೆಂಗಳೂರಿನಲ್ಲಿ ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸಿ ಸಿಕ್ಕಿಬಿದ್ದರೆ 500 ರೂಪಾಯಿ ದಂಡ. ಬೈಕ್ ಇಟ್ಟುಕೊಂಡಿರುವವರಿಗೆಲ್ಲ ಇದು ಬಾಯಿಪಾಠ. ಈಗ ಇನ್ನೊಂದು ದಂಡದ ವಿಚಾರ ಹೇಳ್ತೀನಿ, ಕೇಳಿ. ನಮ್ಮ ದೇಶದ 1962ರ ಅಣುಶಕ್ತಿ ಕಾಯ್ದೆಯ 30ನೇ ಸೆಕ್ಷನ್ನಿನಲ್ಲಿ, ಆ ಕಾಯ್ದೆಯ ಕೆಳಗೆ ಮಾಡಿದ ನಿಯಮಗಳನ್ನು ಮುರಿದವರಿಗೆ ಹಾಕಬಹುದಾದ ಗರಿಷ್ಠ ದಂಡ ಎಷ್ಟು ಅಂತ ಬರೆದಿತ್ತು. ಎಷ್ಟು ಗೊತ್ತಾ? ಅದೂ 500 ರೂಪಾಯಿ. 1962ರಲ್ಲಿ ಅದು ದೊಡ್ಡ ದುಡ್ಡೇ ಇದ್ದಿರಬಹುದು. ಆದರೆ 2012ರಲ್ಲಿ ಮಹಾಲೇಖಪಾಲರು, ಅಂದರೆ ಸಿಎಜಿ, ಕಡತ ತೆಗೆದು ನೋಡಿದಾಗಲೂ ಅದು ಹಾಗೇ ಕೂತಿತ್ತು. ಕೆಲವು ಗಂಭೀರ ಅಪರಾಧಗಳಿಗೆ ಜೈಲು ಶಿಕ್ಷೆ ಬೇರೆ ಇತ್ತು, ಅದನ್ನೂ ಹೇಳಿಬಿಡಬೇಕು. ಆದರೂ ಆ ಐನೂರನ್ನು ಓದಿದ ಯಾರಿಗೂ ನಗು ತಡೆಯೋದು ಕಷ್ಟ.

ಅಣುಸ್ಥಾವರ ನಡೆಸುವವರು ದಂಡಕ್ಕೆ ಹೆದರುವವರಲ್ಲ, ದಂಡ ಐನೂರಿರಲಿ, ಐದು ಕೋಟಿಯಿರಲಿ. ಅವರು ಹೆದರುವುದು ಒಂದೇ ಮಾತಿಗೆ: ‘ನಿಲ್ಲಿಸಿ.’ ಕಟ್ಟೋದನ್ನ ನಿಲ್ಲಿಸಿ, ಓಡಿಸೋದನ್ನ ನಿಲ್ಲಿಸಿ, ನಾವು ನೋಡಿ ಸರಿ ಅನ್ನುವ ತನಕ ಮುಟ್ಟಬೇಡಿ. ಈ ಮಾತು ಹೇಳುವ ಅಧಿಕಾರ ಯಾರಿಗಿದೆ, ಹೇಳಿದ ಮೇಲೆ ಹೇಳಿದವರ ಗತಿ ಏನಾಗುತ್ತದೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ಒಮ್ಮೆ ಈ ಮಾತನ್ನು ಗಟ್ಟಿಯಾಗಿ ಹೇಳಲಾಯಿತು. ಆ ಕತೆ ಇವತ್ತು.

ಕತೆಗೆ ಮುಂಚೆ ಮನೆಯ ವಂಶವೃಕ್ಷ ನೋಡಿಬಿಡೋಣ. ಅಣುಶಕ್ತಿ ನಿಯಂತ್ರಣ ಮಂಡಳಿ (ಎಇಆರ್‌ಬಿ ಅಂತ ಕರೀತಾರೆ) ಹುಟ್ಟಿದ್ದು 1983ರ ನವೆಂಬರ್ 15ರಂದು. ಸಂಸತ್ತು ಕಾನೂನು ಮಾಡಿ ಹುಟ್ಟಿಸಿದ ಕೂಸಲ್ಲ ಅದು. ಸರ್ಕಾರ 1962ರ ಕಾಯ್ದೆಯಡಿ ಒಂದು ಆದೇಶ ಹೊರಡಿಸಿ, ತನ್ನ ಅಧಿಕಾರದಲ್ಲಿ ಒಂದಿಷ್ಟನ್ನು ಮಂಡಳಿಗೆ ವಹಿಸಿಕೊಟ್ಟಿತು. ಕೊಟ್ಟವರು ಇನ್ನೊಂದು ಆದೇಶದಲ್ಲಿ ವಾಪಸ್ ತಗೋಬಹುದಿತ್ತು. ಮಂಡಳಿ ಲೆಕ್ಕ ಒಪ್ಪಿಸಬೇಕಾದ್ದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರು ಯಾರು? ಅಣುಶಕ್ತಿ ಇಲಾಖೆಯ ಕಾರ್ಯದರ್ಶಿಗಳೇ. ಇನ್ನು ಅಣುಸ್ಥಾವರ ಕಟ್ಟಿ ನಡೆಸುವ ನಿಗಮ, 1987ರಲ್ಲಿ ಶುರುವಾದ ಎನ್‌ಪಿಸಿಐಎಲ್, ಯಾರ ಕೆಳಗೆ? ಅದೇ ಇಲಾಖೆಯ ಕೆಳಗೆ. ಮಂಡಳಿಯ ಕಚೇರಿ ‘ನಿಯಾಮಕ ಭವನ’ ಇರುವುದು ಮುಂಬೈಯ ಅಣುಶಕ್ತಿನಗರದಲ್ಲಿ. ವಿಳಾಸದಲ್ಲೂ ಮನೆಯವರ ಹೆಸರೇ.

ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟೆಸ್ಟಿಂಗ್ ಟೀಮಿನ ಲೀಡ್, ಪ್ರಾಜೆಕ್ಟ್ ಮ್ಯಾನೇಜರ್‌ಗೇ ರಿಪೋರ್ಟ್ ಮಾಡ್ತಾಳೆ. ಅವಳ ಅಪ್ರೈಸಲ್ ಬರೆಯೋದೂ ಅದೇ ಮ್ಯಾನೇಜರ್. ಶುಕ್ರವಾರ ರಿಲೀಸ್, ಗುರುವಾರ ರಾತ್ರಿ ಹನ್ನೊಂದಕ್ಕೆ ದೊಡ್ಡದೊಂದು ಬಗ್ ಸಿಗುತ್ತೆ. ಅವಳು ‘ರಿಲೀಸ್ ಬೇಡ’ ಅಂತ ಮೇಲ್ ಹಾಕ್ತಾಳಾ, ಅಥವಾ ‘ಮುಂದಿನ ಸ್ಪ್ರಿಂಟ್‌ನಲ್ಲಿ ನೋಡೋಣ’ ಅಂತಾಳಾ? ಅವಳ ಪ್ರಾಮಾಣಿಕತೆ ಇಲ್ಲಿ ಪ್ರಶ್ನೆಯಲ್ಲ. ಅವಳು ಕೂತಿರುವ ಕುರ್ಚಿ ಎಂಥದ್ದು ಅನ್ನುವುದು ಪ್ರಶ್ನೆ. ನಿಮ್ಮ ಆ್ಯಪ್ ಕ್ರ್ಯಾಶ್ ಆದರೆ ಸೋಮವಾರ ಸರಿಮಾಡಬಹುದು. ಅಣುಸ್ಥಾವರಕ್ಕೆ ಅಂಥ ಸೋಮವಾರ ಇರುವುದಿಲ್ಲ.

ಈಗ ಕೈಗಾಕ್ಕೆ ಬನ್ನಿ. ಕಾರವಾರದಿಂದ ಒಳಗೆ, ಕಾಳಿ ನದಿಯ ದಂಡೆಯ ದಟ್ಟ ಕಾಡಿನ ನಡುವೆ ಇರುವ ಊರು. ಎಂಬತ್ತರ ದಶಕದಲ್ಲಿ ಇಲ್ಲಿ ಅಣುಸ್ಥಾವರ ಬರುತ್ತೆ ಅಂದಾಗ ಕರ್ನಾಟಕದಲ್ಲಿ ಎದ್ದ ಗಲಾಟೆ ಇವತ್ತಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಕುಸುಮಾ ಸೊರಬ ಅವರಂಥವರು ಊರೂರು ತಿರುಗಿ ಜನರನ್ನು ಕಟ್ಟಿದರು. ಜ್ಞಾನಪೀಠ ಪಡೆದ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೆ ಕೆನರಾ ಕ್ಷೇತ್ರದಿಂದ ನಿಂತೇಬಿಟ್ಟರು. ಆಗ ಅವರ ವಯಸ್ಸು 87! ಗೆಲ್ಲಲಿಲ್ಲ. ಆದರೆ ‘ಅಣುಸ್ಥಾವರ’ ಅನ್ನುವ ಪದ ಉತ್ತರ ಕನ್ನಡದ ಮನೆಮನೆಯ ಜಗಲಿಗೆ ಬಂತು. ಅದೇ ವರ್ಷ ಕೈಗಾದಲ್ಲಿ ಮೊದಲ ಎರಡು ಘಟಕಗಳಿಗೆ ಕಾಂಕ್ರೀಟ್ ಬಿತ್ತು. ತಲಾ 220 ಮೆಗಾವ್ಯಾಟ್. ತಂಪು ಮಾಡಲು ಕದ್ರಾ ಅಣೆಕಟ್ಟಿನ ನೀರು.

ಆಮೇಲೆ ಹೋರಾಟದ ಸದ್ದು ನಿಧಾನವಾಗಿ ಅಡಗಿತು. ಕಾಡಿನೊಳಗೆ ಗೋಡೆಗಳು ಎದ್ದವು. ಬೇಲಿ ಹಾಕಿದ ಮೇಲೆ ಒಳಗೆ ಏನು ನಡೀತಿದೆ ಅಂತ ನೋಡುವ ಹಕ್ಕು ಉಳಿದದ್ದು ಒಂದೇ ಸಂಸ್ಥೆಗೆ: ಆ ನಿಯಂತ್ರಣ ಮಂಡಳಿಗೆ.

1993ರ ಜೂನ್‌ನಲ್ಲಿ ಎ. ಗೋಪಾಲಕೃಷ್ಣನ್ ಮಂಡಳಿಯ ಅಧ್ಯಕ್ಷರಾಗಿ ಬಂದರು. ಅಣುಶಕ್ತಿ ಇಲಾಖೆಯ ಒಳಗೂ ಹೊರಗೂ ಕೆಲಸ ಮಾಡಿದ್ದ ಎಂಜಿನಿಯರ್. ಅವರು ಬರುವ ಹೊತ್ತಿಗೆ ಮೇಜಿನ ಮೇಲೆ ಒಂದು ಸುಟ್ಟ ವಾಸನೆಯ ಕಡತ ಕಾದಿತ್ತು. ಅದು ಉತ್ತರ ಪ್ರದೇಶದ ನರೋರಾದ್ದು.

1993ರ ಮಾರ್ಚ್ 31ರ ಬೆಳಗಿನ ಜಾವ ನರೋರಾದ ಒಂದನೇ ಘಟಕದಲ್ಲಿ ಟರ್ಬೈನಿನ ಎರಡು ಬ್ಲೇಡ್ ಮುರಿದವು. ಯಂತ್ರ ಗಡಗಡ ನಡುಗಿ, ಜನರೇಟರ್ ತಂಪಾಗಿಡುವ ಹೈಡ್ರೋಜನ್ ಸೋರಿ ಹೊತ್ತಿಕೊಂಡಿತು. ಬೆಂಕಿ ಎಣ್ಣೆಗೆ ಹತ್ತಿತು, ಎಣ್ಣೆಯಿಂದ ಕೇಬಲ್‌ಗಳಿಗೆ. ಅಣುಸ್ಥಾವರಗಳಲ್ಲಿ ಒಂದು ವಿದ್ಯುತ್ ಲೈನ್ ಕೈಕೊಟ್ಟರೆ ಇನ್ನೊಂದು ಇರಲಿ ಅಂತ ಎರಡೆರಡು, ಮೂರ್ಮೂರು ಲೈನ್ ಇಟ್ಟಿರುತ್ತಾರೆ. ನರೋರಾದಲ್ಲೂ ಇದ್ದವು. ಆದರೆ ಕೇಬಲ್‌ಗಳು ಒಟ್ಟೊಟ್ಟಿಗೇ ಹಾದುಹೋಗಿದ್ದರಿಂದ ಎಲ್ಲವೂ ಒಟ್ಟಿಗೇ ಸುಟ್ಟವು. ಎರಡು ಬೀಗ ಹಾಕಿ ಎರಡೂ ಕೀಲಿಯನ್ನು ಒಂದೇ ಜೇಬಿನಲ್ಲಿ ಇಟ್ಟುಕೊಂಡ ಹಾಗೆ. ಸ್ಥಾವರ ಸುಮಾರು 17 ಗಂಟೆ ಕತ್ತಲಲ್ಲಿ ಮುಳುಗಿತು. ಕಂಟ್ರೋಲ್ ರೂಮಿಗೆ ಹೊಗೆ ತುಂಬಿ ಸಿಬ್ಬಂದಿ ಹೊರಗೆ ಬರಬೇಕಾಯಿತು. ರಿಯಾಕ್ಟರ್ ಮತ್ತೆ ಜೀವ ಹಿಡಿಯದಿರಲಿ ಅಂತ ಕೆಲವರು ಟಾರ್ಚ್ ಹಿಡಿದು ಮೇಲೆ ಹತ್ತಿ, ಬೋರಾನ್ ದ್ರಾವಣ ಹರಿಸುವ ವಾಲ್ವ್‌ಗಳನ್ನು ಕೈಯಿಂದ ತೆರೆದರು. ಬೆಂಕಿ ಆರಿಸಲೆಂದು ಇದ್ದ ಡೀಸೆಲ್ ಪಂಪ್‌ಗಳ ನೀರನ್ನೇ ಉಗಿ ಉತ್ಪಾದಕಗಳಿಗೆ ತಿರುಗಿಸಿ ಶಾಖ ಇಳಿಸಿದರು. ವಿಕಿರಣ ಹೊರಗೆ ಹರಡಲಿಲ್ಲ. ಅಂತರರಾಷ್ಟ್ರೀಯ ಅಳತೆಗೋಲಿನಲ್ಲಿ ಏಳರಲ್ಲಿ ಮೂರನೇ ಹಂತದ ಘಟನೆ ಅಂತ ದಾಖಲಾಯಿತು.

ಕೇಬಲ್‌ಗಳನ್ನು ಬೇರೆ ಬೇರೆ ದಾರಿಯಲ್ಲಿ ಹಾಯಿಸಬೇಕು, ಬೆಂಕಿ ತಡೆಯುವ ಹೊದಿಕೆ ಹಾಕಬೇಕು ಅನ್ನುವ ಪಾಠ ಹೊಸದಾಗಿತ್ತಾ? ಇಲ್ಲ. 1975ರಲ್ಲಿ ಅಮೆರಿಕದ ಬ್ರೌನ್ಸ್ ಫೆರಿ ಸ್ಥಾವರದಲ್ಲಿ ಕೇಬಲ್ ಬೆಂಕಿ ಆದಾಗಲೇ ಜಗತ್ತು ಇದನ್ನು ಕಲಿತಿತ್ತು. ನಿಯಮ ಗೊತ್ತಿರೋದು ಬೇರೆ, ಅದನ್ನು ಪಾಲಿಸುವಂತೆ ಮಾಡೋದು ಬೇರೆ.

ನರೋರಾದ ಹೊಗೆ ಆರಿ ಒಂದು ವರ್ಷ ಆಗಿತ್ತಷ್ಟೇ. 1994ರ ಮೇ 13, ಕೈಗಾದ ಒಂದನೇ ಘಟಕ. ರಿಯಾಕ್ಟರ್ ಕಟ್ಟಡದ ಒಳ ಗುಮ್ಮಟ ಕಟ್ಟಿ ಆಗಿತ್ತು. ಅದರೊಳಗಿನ ಉಕ್ಕಿನ ಕೇಬಲ್‌ಗಳನ್ನು ಎಳೆದು ಬಿಗಿಯುವ ಕೆಲಸ ನಡೆದಿತ್ತು. ಇದ್ದಕ್ಕಿದ್ದಂತೆ ಗುಮ್ಮಟದ ಒಳಮೈ ಕಳಚಿ ಕೆಳಗೆ ಬಿತ್ತು. ಸುಮಾರು 130 ಟನ್ ಕಾಂಕ್ರೀಟ್, ಹತ್ತಿರ ಹತ್ತಿರ 30 ಮೀಟರ್ ಎತ್ತರದಿಂದ. ಅಂದರೆ ಹತ್ತು ಮಹಡಿಯ ಅಪಾರ್ಟ್‌ಮೆಂಟಿನ ತಾರಸಿಯಿಂದ. 14 ಜನ ಕೆಲಸಗಾರರಿಗೆ ಪೆಟ್ಟಾಯಿತು.

ಒಳಗೆ ಇಂಧನ ಇನ್ನೂ ಬಂದಿರಲಿಲ್ಲ, ಹಾಗಾಗಿ ವಿಕಿರಣದ ಮಾತಿಲ್ಲ. ಆದರೆ ಬಿದ್ದದ್ದು ಯಾವುದು ಅಂತ ಒಮ್ಮೆ ಯೋಚಿಸಿ. ಅಣುಸ್ಥಾವರದಲ್ಲಿ ಬೇರೆಲ್ಲ ಕೈಕೊಟ್ಟರೂ, ಕಟ್ಟಕಡೆಗೆ ವಿಕಿರಣವನ್ನು ಒಳಗೇ ಹಿಡಿದಿಡಬೇಕಾದ್ದು ಈ ಗೋಡೆ, ಈ ಗುಮ್ಮಟ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್‌ನಲ್ಲಿ ಇಂಧನವೇ ಕರಗಿ ಹೋದರೂ ಊರು ಉಳಿದದ್ದು ಇಂಥ ಕಟ್ಟಡ ಇದ್ದದ್ದರಿಂದ. 1986ರಲ್ಲಿ ಚೆರ್ನೋಬಿಲ್‌ನಲ್ಲಿ ಆದದ್ದಕ್ಕೆ ಒಂದು ಕಾರಣ, ಅಲ್ಲಿ ಇಂಥದ್ದು ಇಲ್ಲದೇ ಇದ್ದದ್ದು. ಅಪಘಾತದ ದಿನ ಕಾಪಾಡಬೇಕಾದ ಗುಮ್ಮಟ ಯಾವ ಅಪಘಾತವೂ ಇಲ್ಲದ ದಿನ ತಾನೇ ಬಿದ್ದಿತ್ತು.

ಯಾಕೆ ಬಿತ್ತು? ಎಂಜಿನಿಯರಿಂಗ್ ಓದಿದವರಿಗೆ ಸುಲಭ, ಓದದವರಿಗೂ ಕಷ್ಟವಲ್ಲ. ಕಾಂಕ್ರೀಟಿಗೆ ಒತ್ತಡ ತಡೆಯುವ ಶಕ್ತಿ ಬೇಕಾದಷ್ಟಿದೆ, ಎಳೆತ ತಡೆಯುವ ಶಕ್ತಿ ಕಮ್ಮಿ. ಅದಕ್ಕೇ ಅದರೊಳಗೆ ಕೊಳವೆಗಳನ್ನು ಇಟ್ಟು, ಅವುಗಳಲ್ಲಿ ಉಕ್ಕಿನ ಕೇಬಲ್ ತೂರಿಸಿ ಬಲವಾಗಿ ಎಳೆದು ಬಿಗಿಯುತ್ತಾರೆ. ಇಡೀ ಗುಮ್ಮಟ ಮುಷ್ಟಿಯಲ್ಲಿ ಹಿಡಿದಂತೆ ಬಿಗಿಯಾಗುತ್ತದೆ. ತೊಂದರೆ ಎಲ್ಲಿ ಬರುತ್ತೆ ಅಂದರೆ, ಬಾಗಿದ ಕೇಬಲನ್ನು ಎಳೆದಾಗ ಅದು ಒಳಗಿನ ಪದರವನ್ನು ಕೆಳಕ್ಕೆ ದೂಡುತ್ತದೆ, ಹೊರಗಿನ ಪದರ ಮೇಲಕ್ಕೆ ಉಬ್ಬಲು ನೋಡುತ್ತದೆ. ನಡುವೆ, ಕೊಳವೆಗಳು ಸಾಲಾಗಿ ಹಾದುಹೋಗಿರುವ ಕಡೆ, ಕಾಂಕ್ರೀಟ್ ಮೊದಲೇ ತೆಳ್ಳಗಿರುತ್ತದೆ. ಎರಡೂ ಪದರವನ್ನು ಹೊಲಿದು ಹಿಡಿಯುವ ಅಡ್ಡ ಕಬ್ಬಿಣ ಅಲ್ಲಿ ಇಲ್ಲದೇ ಹೋದರೆ? ಕಾದ ಎಣ್ಣೆಗೆ ಬಿದ್ದ ಪೂರಿಯ ಹಾಗೆ ಎರಡು ಪದರ ಬಿಟ್ಟುಕೊಳ್ಳುತ್ತದೆ. ಕೈಗಾದ ಗುಮ್ಮಟದಲ್ಲಿ ಉಗಿ ಉತ್ಪಾದಕಗಳಿಗಾಗಿ ದೊಡ್ಡ ತೆರಪುಗಳನ್ನೂ ಬಿಟ್ಟಿದ್ದರು. ತೆರಪಿನ ಸುತ್ತ ಕೇಬಲ್‌ಗಳು ಇನ್ನಷ್ಟು ಒತ್ತಾಗಿ, ಇನ್ನಷ್ಟು ಬಾಗಿ ಹೋಗಬೇಕು. ಅಲ್ಲಿ ಎಳೆತವೂ ಜಾಸ್ತಿ.

ಇದೂ ಹೊಸ ಪಾಠವಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಟರ್ಕಿ ಪಾಯಿಂಟ್ ಸ್ಥಾವರದ ಗುಮ್ಮಟ 1970ರಲ್ಲಿ ಹೀಗೇ ಪದರ ಬಿಟ್ಟಿತ್ತು. 1976ರಲ್ಲಿ ಅದೇ ರಾಜ್ಯದ ಕ್ರಿಸ್ಟಲ್ ರಿವರ್‌ನಲ್ಲೂ ಆಗಿತ್ತು. ಪೇಪರ್‌ಗಳು ಬರೆದವು: ‘ಗುಮ್ಮಟ ಕುಸಿತ.’ ಅಧಿಕೃತ ಕಡತಗಳು ಬರೆದವು: ‘ಡಿಲ್ಯಾಮಿನೇಷನ್’, ಅಂದರೆ ಪದರ ಬಿಡುವುದು. ತಾಂತ್ರಿಕವಾಗಿ ಕಡತದ ಪದವೇ ಹೆಚ್ಚು ಸರಿ, ಗೋಡೆಯೇನೂ ಬಿದ್ದಿರಲಿಲ್ಲ. ಆದರೆ ಕೆಳಗೆ ನಿಂತಿದ್ದವರ ತಲೆಯ ಮೇಲೆ ಬಂದದ್ದು ಪದವಲ್ಲ, ಕಾಂಕ್ರೀಟು.

ಇಲ್ಲಿಂದ ಕತೆಯ ಮುಖ್ಯ ಭಾಗ. ಕಟ್ಟುತ್ತಿದ್ದ ನಿಗಮ ತನ್ನದೇ ತನಿಖಾ ಸಮಿತಿ ಮಾಡಿತು. ಸಹಜ, ಎಲ್ಲರೂ ಮಾಡುವುದೇ. ಮಂಡಳಿಯ ಅಧ್ಯಕ್ಷ ಗೋಪಾಲಕೃಷ್ಣನ್, ಅದು ಸಾಲದು ಅಂತ, ಬೇರೆಯೇ ಒಂದು ಸ್ವತಂತ್ರ ತಜ್ಞರ ಸಮಿತಿ ನೇಮಿಸಿದರು. ಮುಂದೆ ಏನಾಯಿತು ಅಂತ ನಿವೃತ್ತಿಯ ನಂತರ ಅವರೇ ಬರೆದಿದ್ದಾರೆ. ಆ ಸಮಿತಿಯನ್ನು ವಾಪಸ್ ತಗೊಳ್ಳಿ, ನಿಗಮದ ಸಮಿತಿಗೇ ಬಿಟ್ಟುಬಿಡಿ ಅಂತ ಅಣುಶಕ್ತಿ ಆಯೋಗದ ಅಧ್ಯಕ್ಷರ ಕಡೆಯಿಂದ ಒತ್ತಡ ಬಂತಂತೆ. ಪ್ರಧಾನಿ ಕಚೇರಿಯ ತನಕ ದೂರು ಹೋಗಿ, ಅಲ್ಲಿಂದಲೂ ಹಿಂದೆ ಸರಿಯಿರಿ ಅನ್ನುವ ಮಾತು ಬಂತಂತೆ. ಇದು ಅವರ ಕಡೆಯ ಹೇಳಿಕೆ ಅನ್ನೋದನ್ನ ನೆನಪಿಟ್ಟುಕೊಂಡೇ ಓದಬೇಕು. ಆದರೆ ಆಗಿನ ವಂಶವೃಕ್ಷವನ್ನು ಮತ್ತೊಮ್ಮೆ ನೋಡಿ: ಯಾರ ಕಟ್ಟಡ ಬಿದ್ದಿತ್ತೋ ಆ ನಿಗಮ ಇಲಾಖೆಯದು, ತಪ್ಪು ಹುಡುಕಬೇಕಾದ ಮಂಡಳಿ ಉತ್ತರ ಹೇಳಬೇಕಾದ್ದು ಆ ಇಲಾಖೆಯ ಕಾರ್ಯದರ್ಶಿಯೇ ಅಧ್ಯಕ್ಷರಾಗಿರುವ ಆಯೋಗಕ್ಕೆ. ಒತ್ತಡ ಬರಲು ಯಾರೂ ಕೆಟ್ಟವರಾಗಿರಬೇಕಿಲ್ಲ. ಒಂದು ಫೋನ್ ಸಾಕು.

ಮಂಡಳಿ ಹಿಂದೆ ಸರಿಯಲಿಲ್ಲ. ಕೈಗಾದಲ್ಲಿ ಕೆಲಸ ನಿಂತಿತು. ಅದೇ ವಿನ್ಯಾಸದಲ್ಲಿ ಏಳುತ್ತಿದ್ದ ರಾಜಸ್ಥಾನದ ರಾವತ್‌ಭಾಟಾದ ಮೂರು ಮತ್ತು ನಾಲ್ಕನೇ ಘಟಕಗಳ ಗುಮ್ಮಟವೂ ನಿಂತಿತು. ಒಂದು ಕಡೆ ಬಿದ್ದದ್ದಕ್ಕೆ ನಾಲ್ಕು ಕಡೆ ಉತ್ತರ ಬೇಕಾಯಿತು. ಬಿದ್ದ ಕಡೆ ತೇಪೆ ಹಾಕಿ ಮುಂದುವರಿಯುವ ದಾರಿ ಹಿಡಿಯಲಿಲ್ಲ, ಗುಮ್ಮಟವನ್ನು ಹೊಸದಾಗಿ ವಿನ್ಯಾಸ ಮಾಡಿದರು. ಎರಡು ಪದರವನ್ನು ಹೊಲಿದು ಹಿಡಿಯುವ ಅಡ್ಡ ಕಬ್ಬಿಣ ಬಂತು. ಸಿಲಿಕಾ ಫ್ಯೂಮ್ ಬೆರೆಸಿದ, ಎಂ 60 ದರ್ಜೆಯ ಹೆಚ್ಚು ಗಟ್ಟಿ ಕಾಂಕ್ರೀಟ್ ಬಂತು. ಆ ಕಾಲಕ್ಕೆ ನಮ್ಮ ದೇಶದಲ್ಲಿ ಅದು ಹೊಸ ಸಾಹಸ.

ಇದಕ್ಕೆ ತೆತ್ತ ಬೆಲೆ ಕಾಲ. ಬಿದ್ದದ್ದು 1994ರಲ್ಲಿ. ಕೈಗಾದ ಎರಡನೇ ಘಟಕದಲ್ಲಿ ಅಣು ಸರಪಳಿ ಕ್ರಿಯೆ ಶುರುವಾದದ್ದು 1999ರ ಸೆಪ್ಟೆಂಬರ್‌ನಲ್ಲಿ. ಗುಮ್ಮಟ ಬಿದ್ದ ಒಂದನೇ ಘಟಕ ಅದಕ್ಕಿಂತ ಒಂದು ವರ್ಷ ತಡ, 2000ದ ಸೆಪ್ಟೆಂಬರ್. ಡೆಡ್‌ಲೈನ್ ತಪ್ಪುವುದು ಅಂದರೆ ಏನು ಅಂತ ನಿಮಗೆ ಗೊತ್ತಿದೆ. ಸಾಲದ ಬಡ್ಡಿ ಓಡುತ್ತಿರುತ್ತದೆ, ಮೇಲಿನವರು ದಿನಾ ಕೇಳುತ್ತಾರೆ, ಸಂಸತ್ತಿನಲ್ಲಿ ಪ್ರಶ್ನೆ ಏಳುತ್ತದೆ. ಆ ಒತ್ತಡದ ನಡುವೆ ‘ನಿಲ್ಲಿಸಿ’ ಅಂದು, ನಿಲ್ಲಿಸಿಯೇ ಇಡುವುದು ಸಣ್ಣ ವಿಷಯ ಅಲ್ಲ.

ಹಾಗಾದರೆ ನಮ್ಮ ವ್ಯವಸ್ಥೆ ಕೆಲಸ ಮಾಡಿತು ಅಂತ ಚಪ್ಪಾಳೆ ಹೊಡೆಯೋಣವಾ? ಸ್ವಲ್ಪ ತಡೀರಿ.

ಕೈಗಾ, ನರೋರಾ ಎರಡನ್ನೂ ನೋಡಿದ ಮೇಲೆ ಗೋಪಾಲಕೃಷ್ಣನ್ ಒಂದು ದೊಡ್ಡ ಕೆಲಸಕ್ಕೆ ಕೈಹಾಕಿದರು. ಇಲಾಖೆಯ ಎಲ್ಲ ಸ್ಥಾವರಗಳಲ್ಲಿ ಬಾಕಿ ಉಳಿದಿರುವ ಸುರಕ್ಷತೆಯ ಸಮಸ್ಯೆಗಳನ್ನು ಒಂದೇ ಕಡೆ ಪಟ್ಟಿ ಮಾಡಿಸಿದರು. 1995ರ ಕೊನೆಗೆ ವರದಿ ತಯಾರಾಯಿತು. ಸುಮಾರು 130 ಸಮಸ್ಯೆಗಳು, ಅದರಲ್ಲಿ 95ರಷ್ಟು ತುರ್ತಿನವು ಅಂತ ಅವರೇ ಆಮೇಲೆ ಹೇಳಿದರು. ಮಂಡಳಿಯ ಪರಿಶೀಲನಾ ಸಮಿತಿಗಳಲ್ಲಿ ಕೂರುವವರಲ್ಲಿ ನೂರಕ್ಕೆ 95 ಜನ ಇಲಾಖೆಯ ಸಂಬಳದವರೇ ಅಂತಲೂ ಅವರು ಬರೆದರು. 1996ರ ಜೂನ್‌ನಲ್ಲಿ ಅವರ ಮೂರು ವರ್ಷದ ಅವಧಿ ಮುಗಿಯಿತು. ಮುಂದುವರಿಸಲಿಲ್ಲ.

ವರದಿ ಏನಾಯ್ತು? ಕಪಾಟಿಗೆ ಹೋಯಿತು. ಪಿಯುಸಿಎಲ್ ಮತ್ತು ಬಾಂಬೆ ಸರ್ವೋದಯ ಮಂಡಲ ಅದನ್ನು ಜನರ ಮುಂದಿಡಿ ಅಂತ ಬಾಂಬೆ ಹೈಕೋರ್ಟಿಗೆ ಹೋದವು, ಸೋತವು. ಸುಪ್ರೀಂ ಕೋರ್ಟಿಗೆ ಹೋದವು. 2004ರ ಜನವರಿಯಲ್ಲಿ ಅಲ್ಲೂ ಅದೇ ಉತ್ತರ: 1962ರ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಣುಶಕ್ತಿಯ ಮಾಹಿತಿ ಗುಟ್ಟಾಗಿಡುವ ಅಧಿಕಾರ ಸರ್ಕಾರಕ್ಕಿದೆ. ಆ ಸಮಸ್ಯೆಗಳನ್ನೆಲ್ಲ ಬಗೆಹರಿಸಿದ್ದೇವೆ ಅನ್ನುವುದು ಇಲಾಖೆಯ ನಿಲುವು. ನಿಜವೇ ಇರಬಹುದು. ಆದರೆ ಪಟ್ಟಿಯನ್ನೇ ತೋರಿಸದೆ, ಎಲ್ಲ ಟಿಕ್ ಆಗಿದೆ ನಂಬಿ ಅಂದರೆ, ನಿಮ್ಮ ಕಂಪನಿಯ ಆಡಿಟರ್ ಒಪ್ಪುತ್ತಾರಾ?

ಇನ್ನೊಂದು ಆದೇಶ 2000ದ ಏಪ್ರಿಲ್‌ನಲ್ಲಿ ಬಂತು. ಪೋಖ್ರಾನ್ ಪರೀಕ್ಷೆ ಆಗಿ ಎರಡು ವರ್ಷವಾಗಿತ್ತು. ಭಾಭಾ ಅಣು ಸಂಶೋಧನಾ ಕೇಂದ್ರದ ಸೌಲಭ್ಯಗಳನ್ನು ಮಂಡಳಿಯ ಉಸ್ತುವಾರಿಯಿಂದ ತೆಗೆದು, ಆ ಕೇಂದ್ರದ ಒಳಗಿನ ಸುರಕ್ಷತಾ ಸಮಿತಿಗೇ ಒಪ್ಪಿಸಿದರು. ಕಾರಣ ದೇಶದ ರಕ್ಷಣೆ. ಅದರ ಸರಿತಪ್ಪು ಬೇರೆ ಚರ್ಚೆ. ನಮಗೆ ಬೇಕಾದ್ದು ಇಷ್ಟೇ: ಆದೇಶದಿಂದ ಕೊಟ್ಟ ಅಧಿಕಾರವನ್ನು ಆದೇಶದಿಂದ ವಾಪಸ್ ತಗೋಬಹುದು ಅಂತ ಮೇಲೆ ಹೇಳಿದೆನಲ್ಲ, ಅದು ಬರೀ ಊಹೆ ಆಗಿರಲಿಲ್ಲ.

ಕೈಗಾದಲ್ಲಿ 1994ರಲ್ಲಿ ‘ನಿಲ್ಲಿಸಿ’ ಅನ್ನುವ ಮಾತಿಗೆ ಬೆನ್ನೆಲುಬಾಗಿದ್ದದ್ದು ಕಾನೂನಲ್ಲ, ಕುರ್ಚಿಯ ಮೇಲೆ ಕೂತ ಮನುಷ್ಯನ ಹಟ. ಹಟಕ್ಕೆ ಮೂರು ವರ್ಷದ ಅವಧಿ ಇರುತ್ತದೆ. ಮುಂದಿನವರಿಗೂ ಅಷ್ಟೇ ಹಟ ಇರಬಹುದು, ಇಲ್ಲದೆಯೂ ಇರಬಹುದು. ನಮ್ಮ ಅದೃಷ್ಟ.

2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾದಲ್ಲಿ ಸುನಾಮಿ ಬಡಿದಾಗ ದೆಹಲಿಗೂ ಸ್ವಲ್ಪ ಎಚ್ಚರವಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಸ್ವತಂತ್ರ ಅಣು ಸುರಕ್ಷತಾ ಪ್ರಾಧಿಕಾರದ ಮಸೂದೆ ಲೋಕಸಭೆಗೆ ಬಂತು. 2012ರ ಆಗಸ್ಟ್‌ನಲ್ಲಿ ಸಿಎಜಿ ವರದಿ ಬಂತು. ಅದರಲ್ಲಿ ಐನೂರು ರೂಪಾಯಿ ಮಾತ್ರ ಇರಲಿಲ್ಲ. ದಂಡ ಎಷ್ಟು ಅಂತ ತೀರ್ಮಾನಿಸುವುದರಲ್ಲಿ ಮಂಡಳಿಗೆ ಪಾತ್ರವೇ ಇಲ್ಲ, ನಿಯಮ ಮಾಡುವ ಅಧಿಕಾರವೂ ಇಲ್ಲ, 1983ರಲ್ಲಿ ವಹಿಸಿದ್ದ ವಿಕಿರಣ ಸುರಕ್ಷತಾ ನೀತಿಯನ್ನು ಮೂರು ದಶಕವಾದರೂ ಬರೆದಿಲ್ಲ ಅಂತೆಲ್ಲ ಅದು ಎಣಿಸಿತು. ನಿಮ್ಮ ಬೀದಿಗೂ ಒಂದು ಸಂಗತಿ ಅದರಲ್ಲಿತ್ತು. ಆಸ್ಪತ್ರೆ, ಕ್ಲಿನಿಕ್‌ಗಳ ಎಕ್ಸ್‌ರೇ ಯಂತ್ರಗಳ ಮೇಲೆ ಕಣ್ಣಿಡಬೇಕಾದ್ದೂ ಇದೇ ಮಂಡಳಿ. ದೇಶದ ಎಕ್ಸ್‌ರೇ ಘಟಕಗಳಲ್ಲಿ ನೂರಕ್ಕೆ ಸುಮಾರು 91 ನೋಂದಣಿಯೇ ಇಲ್ಲದೆ ನಡೆಯುತ್ತಿದ್ದವು ಅಂತ ವರದಿ ಹೇಳಿತು. ಇನ್ನು ಆ ಮಸೂದೆ? 2014ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಅದರ ಜೊತೆಗೇ ಬಿದ್ದುಹೋಯಿತು. 2015ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಂಡ ಬಂದು ನೋಡಿ, ಮಂಡಳಿಯ ಸ್ವಾತಂತ್ರ್ಯವನ್ನು ಕಾನೂನಿನಲ್ಲೇ ಬರೆಯಿರಿ ಅಂತ ಸಲಹೆ ಕೊಟ್ಟು ಹೋಯಿತು.

ಇಷ್ಟೆಲ್ಲ ಓದಿ, ನಮ್ಮ ಅಣುಸ್ಥಾವರಗಳಲ್ಲಿ ಎಲ್ಲ ಹುಳುಕೇ ಅಂತ ತೀರ್ಮಾನಕ್ಕೆ ಬರಬೇಡಿ. ಎದುರು ಪಕ್ಕದ ಲೆಕ್ಕವನ್ನೂ ನೋಡಬೇಕು, ಅದೂ ಕೈಗಾದ್ದೇ.

2009ರ ನವೆಂಬರ್‌ನಲ್ಲಿ ಕೈಗಾದ ಕೆಲವು ನೌಕರರ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಹೆಚ್ಚು ಕಂಡಿತು. ಹುಡುಕುತ್ತ ಹೋದರೆ, ಒಂದು ಕುಡಿಯುವ ನೀರಿನ ಕೂಲರ್‌ನಲ್ಲಿ ಟ್ರಿಟಿಯಂ ಇರುವ ಭಾರಜಲ ಬೆರೆತಿತ್ತು. ಯಾರೋ ಒಳಗಿನವರೇ ಬೆರೆಸಿದ್ದು ಅಂತ ಅಧಿಕಾರಿಗಳು ಹೇಳಿದರು. 50ಕ್ಕೂ ಹೆಚ್ಚು ಜನರ ಮೈಗೆ ಅದು ಸೇರಿತ್ತು. ಒಳಗಿನ ಕಾವಲು ಸೋತದ್ದು ನಿಜ. ಆದರೆ ಪತ್ತೆಯಾದದ್ದು ಹೇಗೆ? ಕೆಲಸಗಾರರ ಮೂತ್ರವನ್ನು ಆಗಾಗ ಪರೀಕ್ಷೆ ಮಾಡಲೇಬೇಕು ಅನ್ನುವ, ಕೇಳಿದರೆ ಆಕಳಿಕೆ ಬರುವಂಥ ನಿಯಮದಿಂದ. ಯಾರಾದರೂ ‘ಏನಾಗಲ್ಲ ಬಿಡ್ರೀ’ ಅಂತ ಆ ಪರೀಕ್ಷೆಯನ್ನು ಬಿಟ್ಟಿದ್ದರೆ, ಆ ಕೂಲರ್‌ನಿಂದ ಜನ ಇನ್ನೆಷ್ಟು ದಿನ ನೀರು ಕುಡಿಯುತ್ತಿದ್ದರೋ.

ಎರಡನೆಯದು, ಆ ಗುಮ್ಮಟ ಬಿದ್ದ ಒಂದನೇ ಘಟಕದ ಕತೆ. ಹೊಸ ಗುಮ್ಮಟದ ಕೆಳಗೆ ಅದು ಓಡತೊಡಗಿತು. ಒಂದು ಸಲ ಶುರು ಮಾಡಿದ್ದು 962 ದಿನ ನಿಲ್ಲದೇ ಓಡಿತು. ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳ ವಿಶ್ವದಾಖಲೆಯನ್ನು ಮುರಿದು, 2018ರ ಡಿಸೆಂಬರ್ 31ರಂದು ನಿಂತಿತು. ಎರಡು ವರ್ಷದ ಬಳಿಕ ಕೆನಡಾದ ಡಾರ್ಲಿಂಗ್ಟನ್ ಅದನ್ನೂ ಮುರಿಯಿತು, ಅದಿರಲಿ. ನನಗೆ ಇಷ್ಟವಾಗುವುದು ಆ ಓಟ ಶುರುವಾದ ತಾರೀಖು: 2016ರ ಮೇ 13. ಗುಮ್ಮಟ ಬಿದ್ದ ದಿನಕ್ಕೆ ಸರಿಯಾಗಿ 22 ವರ್ಷ. ಕಾಕತಾಳೀಯವೇ, ಸಂಶಯವಿಲ್ಲ. ಆದರೆ ಸುರಕ್ಷತೆ ಅಂದರೆ ಕೆಲಸಕ್ಕೆ ಅಡ್ಡಗಾಲು ಅನ್ನುವವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕ್ಯಾಲೆಂಡರ್ ಸಿಗಲಿಕ್ಕಿಲ್ಲ. ನಿಲ್ಲಿಸಿ ಸರಿಮಾಡಿದ ಘಟಕವೇ ನಿಲ್ಲದೆ ಓಡಿತು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ‘ಶಾಂತಿ’ ಅನ್ನುವ ಹೆಸರಿನ ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. 1962ರ ಕಾಯ್ದೆಯ ಜಾಗಕ್ಕೆ ಬಂದ ಈ ಕಾಯ್ದೆ ನಿಯಂತ್ರಣ ಮಂಡಳಿಗೆ ಶಾಸನದ ಮಾನ್ಯತೆ ಕೊಡುತ್ತದೆ. 1983ರಲ್ಲಿ ಹುಟ್ಟಿದ ಕೂಸಿಗೆ 42ನೇ ವಯಸ್ಸಿನಲ್ಲಿ ಜನನ ಪ್ರಮಾಣಪತ್ರ! ತಡವಾದರೂ ಒಳ್ಳೆಯದೇ ಆಯಿತು. ಅದೇ ಕಾಯ್ದೆ ಖಾಸಗಿ ಕಂಪನಿಗಳಿಗೂ ಅಣುಸ್ಥಾವರದ ಬಾಗಿಲು ತೆರೆದಿದೆ. ಇಷ್ಟು ದಿನ ಮಂಡಳಿ ‘ನಿಲ್ಲಿಸಿ’ ಅನ್ನಬೇಕಿದ್ದದ್ದು ಮನೆಯ ಅಣ್ಣನಿಗೆ. ಇನ್ನು ಮೇಲೆ ದುಡ್ಡು, ವಕೀಲರು, ಷೇರುಪೇಟೆ ಎಲ್ಲ ಇರುವ ಹೊರಗಿನವರಿಗೂ ಅನ್ನಬೇಕಾಗಿ ಬರುತ್ತದೆ. ಎರಡರಲ್ಲಿ ಯಾವುದು ಕಷ್ಟ ಅಂತ ಮುಂದೆ ಗೊತ್ತಾಗುತ್ತೆ.

ಕೈಗಾದಲ್ಲಿ ಈಗ ನಾಲ್ಕು ಘಟಕಗಳಿವೆ. 700 ಮೆಗಾವ್ಯಾಟಿನ ಇನ್ನೆರಡು ಬರುತ್ತಿವೆ, ಐದನೆಯದು ಮತ್ತು ಆರನೆಯದು. ಅವಕ್ಕೂ ಗುಮ್ಮಟ ಬೇಕು, ಕೇಬಲ್ ಬಿಗಿಯಬೇಕು, ಡೆಡ್‌ಲೈನ್ ಇರುತ್ತದೆ. ಯಾವತ್ತೋ ಒಂದು ದಿನ ಯಾರೋ ಒಬ್ಬ ಇನ್‌ಸ್ಪೆಕ್ಟರ್ ಆ ಕಾಂಕ್ರೀಟಿನ ಮುಂದೆ ನಿಂತು, ‘ಇದು ನನಗೆ ಸರಿ ಕಾಣ್ತಿಲ್ಲ, ಸ್ವಲ್ಪ ನಿಲ್ಲಿಸಿ’ ಅನ್ನಬಹುದು. ಹಾಗೆ ಅಂದ ಮೇಲೆ ಅವರಿಗೆ ಮೊದಲು ಬರುವ ಫೋನ್ ಕರೆ ಯಾರದ್ದು, ಅದಕ್ಕೆ ಅವರು ಕೊಡಬಹುದಾದ ಉತ್ತರ ಏನು? ಹೊಸ ಕಾಯ್ದೆ ಓದುವವರು ಅದರಲ್ಲಿ ಮೊದಲು ಹುಡುಕಬೇಕಾದ್ದು ಇದನ್ನೇ.